ಮೂಲೆಗೆ ಮಸಿ ಇಲ್ಲದ ಕಾರ್ಡು

ಮೊನ್ನೆ ಗಂಜಾಂನ ಶಾಲೆಯ ಬೂತಿನಲ್ಲಿ ಓಟು ಹಾಕಲು ನಿಂತಿದ್ದೆ. ನನ್ನ ಮುಂದಿದ್ದ ಅಜ್ಜಿಗೆ ರುಜು ಬಾರದು. ಹೆಬ್ಬೆಟ್ಟು ಒತ್ತಿ, ಅದನ್ನು ಸೆರಗಿಗೆ ಒರೆಸಿಕೊಂಡು ಮುಂದಕ್ಕೆ ಹೋದರು. ಆಮೇಲೆ ನನ್ನ ಸರದಿ. ಕಡ್ಡಿಯಲ್ಲಿ ಮಸಿ ಅದ್ದಿ ಬೆರಳಿಗೆ ಗೆರೆ ಎಳೆದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬೇಗ ಬೇಗ ಓಟು ಒತ್ತಿ ಹೊರಟೆ. ಹೊರಗೆ ಬಂದರೆ ಮಗಳು ಮೊಬೈಲು ಹಿಡಿದು, "ಅಮ್ಮಾ, ಬೆರಳು ತೋರ್ಸು, ಫೋಟೋ ತೆಗೀತೀನಿ" ಅಂದಳು. "ಸುಮ್ನಿರೇ, ಬೆರಳಂತೆ ಬೆರಳು!" ಎಂದು ಜನರೆದುರೇ ಗದರಿಬಿಟ್ಟೆ. ಪಾಪ, ಅವಳಿಗೇನು ಗೊತ್ತು.

ನನಗೆ ಮಸಿ ಆಗುವುದಿಲ್ಲ. ಮೂವತ್ತು ವರ್ಷ ಸರ್ಕಾರಿ ಗುಮಾಸ್ತೆಯಾಗಿದ್ದವಳು ಹೀಗೆ ಹೇಳಿದರೆ ಜನ ನಗುತ್ತಾರೆ. ನಗಲಿ. ನನ್ನ ಮೊದಲ ಪೋಸ್ಟಿಂಗಿನ ಆ ಒಂದು ಮಳೆಗಾಲವನ್ನು ಕಂಡವರು ನಗುವುದಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ನನಗಾಗ ಇಪ್ಪತ್ತೇಳು. ನಮ್ಮದು ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿ. ತಾಲ್ಲೂಕು ಕಚೇರಿಯಲ್ಲಿ ಜವಾನರಾಗಿದ್ದ ಅಪ್ಪ ಸರ್ವೀಸಿನಲ್ಲಿರುವಾಗಲೇ ತೀರಿಕೊಂಡದ್ದರಿಂದ ಅನುಕಂಪದ ಮೇಲೆ ನನಗೆ ಕೆಲಸ ಸಿಕ್ಕಿತು. ಮನೆಯಲ್ಲಿ ಅಮ್ಮ, ಓದುತ್ತಿದ್ದ ತಂಗಿ, ನಾನು. ನನಗೆ ಪೋಸ್ಟಿಂಗು ಕೊಟ್ಟ ಊರಿನ ಹೆಸರು ಹೇಳುವುದಿಲ್ಲ. ಅಲ್ಲಿದ್ದವರ ಮಕ್ಕಳು ಮೊಮ್ಮಕ್ಕಳು ಇನ್ನೂ ಇದ್ದಾರೆ, ಅವರದೇನು ತಪ್ಪು.

ಆ ಊರಿನ ತಾಲ್ಲೂಕು ಕಚೇರಿಯ ಹಿಂದೆಯೇ ಸಬ್ ಜೈಲು. ಎರಡು ಕೋಣೆ, ಒಂದು ಅಂಗಳ, ಅಂಗಳದಲ್ಲೊಂದು ಹೊಂಗೆ ಮರ. ಇದ್ದವರೆಲ್ಲ ವಿಚಾರಣೆ ನಡೆಯುತ್ತಿದ್ದವರು. ಒಬ್ಬರ ಮೇಲೂ ತೀರ್ಪಾಗಿರಲಿಲ್ಲ. ತಹಸೀಲ್ದಾರರೇ ಜೈಲಿಗೂ ಯಜಮಾನರು. ನಾನು ಸೇರಿದ ಮೂರನೇ ದಿನ ಕರೆದು ಹೇಳಿದರು: "ಲಲಿತಮ್ಮಾ, ಒಳಗಿನವರು ಬರೆಯೋ ಕಾಗದ, ಅವರಿಗೆ ಬರೋ ಕಾಗದ ಎಲ್ಲ ನೀವು ಓದ್ಬೇಕು. ಜೈಲಿನ ವಿಷಯ ಇರಕೂಡದು, ಕೇಸಿನ ವಿಷಯ ಇರಕೂಡದು. ಕ್ಷೇಮ ಸಮಾಚಾರ ಇದ್ರೆ ಸಾಕು. ಬೇರೆ ಏನಿದ್ರೂ ಹೊಡೆದು ಹಾಕಿ, 'ಪರಿಶೀಲಿಸಿದೆ' ಅಂತ ಸೀಲು ಒತ್ತಿ ಕಳಿಸಿ."

ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ನಿಜ ಹೇಳುತ್ತೇನೆ, ಒಂದಿಷ್ಟೂ ಕಾಣಲಿಲ್ಲ. ಮಚ್ಚು ಎತ್ತಿದವನಿಗೆ, ಕದ್ದವನಿಗೆ ಮಾತೇನು ಬಂತು, ಆಡುವುದನ್ನೆಲ್ಲ ಕೋರ್ಟಿನಲ್ಲಿ ಆಡಲಿ ಅನ್ನುವ ಪೈಕಿ ನಾನು. ಜೈಲಿನ ವಾರ್ಡರು ಪುಟ್ಟಸ್ವಾಮಿಯೂ ಅದನ್ನೇ ಹೇಳುತ್ತಿದ್ದ. ರಿಟೈರಾಗಲು ಎರಡು ವರ್ಷ ಇದ್ದ ಮನುಷ್ಯ, ನನ್ನನ್ನು ಮಗಳ ಹಾಗೆ ನೋಡುತ್ತಿದ್ದ. "ಒಳಿಕ್ ಬಂದೋನ್ಗೆ ಬಾಯಿ ಇರಾದು ಉಣ್ಣಕ್ಕೆ ಕಣವ್ವಾ, ಮಾತಾಡಕ್ಕಲ್ಲ" ಎನ್ನುವನು. ನಾನು ನಗುತ್ತಿದ್ದೆ.

ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದನಂತೆ. ನನ್ನದೂ ಅದೇ ಕಥೆ. ಸೀಲಿನ ಪ್ಯಾಡಿನ ಊದಾ ಮಸಿಯಿಂದ ಹೊಡೆದರೆ ಅಕ್ಷರ ಬಿಸಿಲಿಗೆ ಹಿಡಿದಾಗ ಕಾಣುತ್ತಿತ್ತು. ಯಾರೂ ಹೇಳದೆಯೇ ನಾನು ಸರ್ವೆ ಸೆಕ್ಷನ್ನಿಗೆ ಹೋಗಿ, ನಕ್ಷೆ ಬರೆಯುವ ಕರಿ ಮಸಿಯ ಬಾಟಲಿಯನ್ನೇ ಇಸಿದುಕೊಂಡು ಬಂದೆ. ಒಂದು ಸಣ್ಣ ಕುಂಚ. ಬಳಿದರೆ ಬಳಿದದ್ದೇ, ದೇವರು ಬಂದರೂ ಓದಲಾಗದು. ತಹಸೀಲ್ದಾರ್ ಸಾಹೇಬರು, "ಭೇಷ್, ಚುರುಕಾಗಿದ್ದೀರಿ" ಅಂದರು. ಆ ವಾರವೆಲ್ಲ ನಾನು ನೆಲದ ಮೇಲೆ ನಡೆಯಲಿಲ್ಲ.

ಒಳಗಿದ್ದವರಲ್ಲಿ ಹೆಚ್ಚು ಕಾಗದ ಬರೆಯುತ್ತಿದ್ದವನು ನಿಂಗೇಗೌಡ. ನಾಗಮಂಗಲ ತಾಲ್ಲೂಕಿನವನು, ದೇವಲಾಪುರದ ಪಕ್ಕದ ಹಳ್ಳಿ. ನನಗಿಂತ ಎರಡು ಮೂರು ವರ್ಷ ದೊಡ್ಡವನಿರಬಹುದು. ಹೊಲದ ಬದುವಿನ ಜಗಳದಲ್ಲಿ ದಾಯಾದಿಯ ಭುಜಕ್ಕೆ ಮಚ್ಚಿನಿಂದ ಹೊಡೆದಿದ್ದ. ಹೊಡೆಸಿಕೊಂಡವನು ವಾಸಿಯಾಗಿ ಹೊಲ ಉಳುತ್ತಿದ್ದ, ಹೊಡೆದವನು ಇಲ್ಲಿ ಕೂತಿದ್ದ. ಕೋರ್ಟು ಜಾಮೀನು ಕೊಟ್ಟಾಗಿತ್ತು, ಆದರೆ ಜಾಮೀನಿಗೆ ನಿಲ್ಲಲು ಪಹಣಿ ಇಟ್ಟುಕೊಂಡವರು ಬರಬೇಕಲ್ಲ. ಇದ್ದವನು ಒಬ್ಬನೇ, ಕೆ.ಆರ್.ಪೇಟೆಯ ಸೋದರಮಾವ. ಆ ಮಾವನೋ, "ಇನ್ನೊಂದ್ ನಾಕ್ ತಿಂಗ್ಳು ಒಳ್ಗೇ ಇರ್ಲಿ ಬುಡು, ಬುದ್ಧಿ ಬರ್ಲಿ ಅವ್ನಿಗೆ" ಎಂದು ಕೂತುಬಿಟ್ಟಿದ್ದ. ಅದರ ಮೇಲೆ ಅಕ್ಕ ತಮ್ಮನಿಗೂ ಮಾತು ಬಿಟ್ಟಿತ್ತು.

ಅಕ್ಕ ಅಂದರೆ ನಿಂಗನ ತಾಯಿ ಕೆಂಪಮ್ಮ. ಗಂಡ ಇಲ್ಲ, ಇನ್ನೊಂದು ಮಗು ಇಲ್ಲ. ಓದು ಬಾರದು. ನಿಂಗನ ಕಾರ್ಡು ಬಂದರೆ ಸಂಜೆ ಡೈರಿಗೆ ಹಾಲು ಹಾಕಲು ಹೋದಾಗ ಡೈರಿ ಸೆಕ್ರೆಟರಿಯ ಕೈಲಿ ಓದಿಸುವಳು, ಉತ್ತರವನ್ನೂ ಅವನ ಕೈಲೇ ಬರೆಸುವಳು. ಆ ಕಾರ್ಡುಗಳೆಲ್ಲ ನನ್ನ ಕೈಮೇಲೆಯೇ ಹೋಗುತ್ತಿದ್ದದ್ದು. 'ಎಮ್ಮೆ ಹೆಣ್ಗರು ಹಾಕಿದೆ. ರಾಗಿ ಪೈರು ಚೆನ್ನಾಗಿದೆ. ನೀನು ಹೊತ್ತಿಗೆ ಸರಿಯಾಗಿ ಉಣ್ಣು.' ಇವನು ಇಲ್ಲಿಂದ, 'ಕರುವಿನ ಬಣ್ಣ ಯಾವುದು ಬರೆಸು. ಮೇಲಿನ ಹೊಲಕ್ಕೆ ಹುರುಳಿ ಬಿತ್ತು.' ಹೀಗೆ. ಕರು ನೋಡದ ನನಗೂ ಅದರ ಬಣ್ಣ ತಿಳಿಯುವ ಕುತೂಹಲ. ಅಯ್ಯೋ, ಬೇರೆಯವರ ಕಾಗದ ಓದುವುದಕ್ಕೂ ಒಂದು ರುಚಿ ಹತ್ತುತ್ತದೆ.

ಆಷಾಢದ ಜಿಟಿಜಿಟಿ ಹಿಡಿದಿತ್ತು. ಹತ್ತು ಹನ್ನೆರಡು ಜನ ಮಲಗುವ ಕೋಣೆಗೆ ಇಪ್ಪತ್ತೈದು ಜನರನ್ನು ತುಂಬಿದ್ದರು. ನಿಂಗ ಒಂದು ಕಾರ್ಡಿನ ಕೊನೆಗೆ ಬರೆದ: 'ಅವ್ವಾ, ಇಲ್ಲಿ ನೀರಿನ ತೊಟ್ಟಿಯಲ್ಲಿ ಹುಳ ಬಿದ್ದಿದೆ. ಎಲ್ಲರಿಗೂ ಭೇದಿ. ಡೈರಿ ಸೆಕ್ರೆಟರಿ ಕೈಲಿ ಪೇಪರಿನವರಿಗೆ ಒಂದು ಕಾಗದ ಹಾಕಿಸು.'

ನನಗೆ ರೇಗಿತು. ಎಷ್ಟು ಕೊಬ್ಬು ಇವನಿಗೆ! ಕುಂಚ ಅದ್ದಿ ಆ ಮೂರು ಸಾಲನ್ನೂ ಬಳಿದೆ. ಸಾಲುಗಳು ಕಾರ್ಡಿನ ಕೆಳತುದಿಯಲ್ಲಿದ್ದವು. ಮಸಿ ಅಂಚಿನವರೆಗೂ, ಮೂಲೆಯವರೆಗೂ ಹರಿಯಿತು. ಸೀಲು ಒತ್ತಿ ಕಳಿಸಿದೆ.

ನಾನೂ ಹಳ್ಳಿಯವಳೇ. ಮದುವೆ ಕಾಗದಕ್ಕೆ ನಾಲ್ಕು ಮೂಲೆಗೂ ಅರಿಶಿನ, ಸಾವಿನ ಕಾಗದದ ಮೂಲೆಗೆ ಮಸಿ. ಹಾಗೆ ಮಸಿ ಕಂಡ ಕಾಗದವನ್ನು ಹೊಸಿಲು ದಾಟಿಸುವುದಿಲ್ಲ, ಹೊರಗೇ ಹರಿದು ಹಾಕುತ್ತಾರೆ. ನಮ್ಮಪ್ಪನ ತಿಥಿ ಕಾಗದಗಳಿಗೆ ಮಸಿ ಹಚ್ಚಿದವಳು ನಾನೇ. ಆದರೆ ಆ ಕುರ್ಚಿಯ ಮೇಲೆ ಕೂತಾಗ ನನಗೆ ಅದ್ಯಾವುದೂ ನೆನಪಾಗಲಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಕಚೇರಿಯ ಕಾಂಪೌಂಡಿಗೆ ಒಂದು ಟ್ರಾಕ್ಟರು ನುಗ್ಗಿತು. ಟ್ರೈಲರಿನ ತುಂಬ ಜನ, ಎರಡು ಹಸಿ ಬಿದಿರು, ಒಂದು ಬಿಳಿ ಬಟ್ಟೆಯ ಗಂಟು, ಹೂವಿನ ಹಾರ. ಹೆಂಗಸರು ಎದೆ ಬಡಿದುಕೊಳ್ಳುತ್ತಿದ್ದರು. ನಡುವೆ ಒಬ್ಬ ಸಣಕಲು ಹೆಂಗಸು, ಬಿಚ್ಚಿದ ತಲೆ. "ನನ್ ಮಗೀನ ಕೊಟ್ಬುಡಿ! ಏನ್ ಮಾಡ್ಬುಟ್ರಿ ನನ್ ಮಗೀನ? ಎಣನಾದ್ರೂ ಕೊಡ್ರಪ್ಪಾ!"

ನಮಗೆ ಏನೂ ಅರ್ಥವಾಗಲಿಲ್ಲ. ಪುಟ್ಟಸ್ವಾಮಿ ಓಡಿಹೋಗಿ, "ಯಾವ ಎಣನವ್ವಾ? ಯಾರ್ ಸತ್ತೋರು?" ಎಂದು ಕೇಳಿದ. "ನಿಂಗೇಗೌಡ" ಎಂದರು. ಪುಟ್ಟಸ್ವಾಮಿ ಒಳಗೆ ಹೋಗಿ ನಿಂಗನ ತೋಳು ಹಿಡಿದು ಕರೆತಂದು ಗೇಟಿನ ಹತ್ತಿರ ನಿಲ್ಲಿಸಿದ. ಅವನ ಕೈಯಲ್ಲಿ ಅರ್ಧ ತಿಂದ ಮುದ್ದೆಯ ತಟ್ಟೆ. ಕೆಂಪಮ್ಮ ಕಂಬಿಯ ನಡುವೆ ಕೈ ತೂರಿಸಿ ಅವನ ಕೆನ್ನೆ, ಮೂಗು, ಕಿವಿ ಎಲ್ಲ ತಡವಿದಳು. ಆಮೇಲೆ ಅದೇ ಕೈಯಿಂದ ಕಪಾಳಕ್ಕೆ ಒಂದು ಬಿಟ್ಟಳು. "ಬದ್ಕಿದ್ದೀಯಾ, ಮುಂಡೇದೆ! ಮಸಿ ಹಚ್ಚಿ ಯಾಕ್ಲಾ ಕಾಗ್ದ ಹಾಕ್ದೆ?"

ಕಾರ್ಡು ಬಂದ ದಿನ ಡೈರಿ ಸೆಕ್ರೆಟರಿ ಊರಲ್ಲಿರಲಿಲ್ಲವಂತೆ. ಪೋಸ್ಟಿನವನು ಕಾರ್ಡನ್ನು ಜಗಲಿಯ ಮೇಲಿಟ್ಟು ಹೋಗಿದ್ದ. ಮೂಲೆಯ ಮಸಿ ನೋಡಿ ಕೆಂಪಮ್ಮ ಕಿರುಚಿದಳು, ಜನ ಸೇರಿದರು, ಓದಬಲ್ಲವರೊಬ್ಬರು ಇದ್ದರೂ "ಮಸಿ ಕಂಡ್ ಮ್ಯಾಲೆ ಓದಾದೇನೈತೆ" ಎಂದು ಹರಿದು ಬೇಲಿಗೆ ಎಸೆದರು. ಅಲ್ಲಿಗೆ ನಿಂಗ ಸತ್ತ.

ಜನ ನಕ್ಕರು, ಅತ್ತರು. ತಂದ ಹಾರವನ್ನು ಯಾರೋ ಹೊಂಗೆ ಮರಕ್ಕೆ ಹಾಕಿದರು. ನಾನು ಮಾತ್ರ ಒಳಗೆ ಮಸಿಯ ಬಾಟಲಿಯನ್ನು ಡ್ರಾಯರಿಗೆ ತಳ್ಳಿ, ಹೊರಗೆ ಬರದೆ ಕೂತಿದ್ದೆ.

ಸಾಹೇಬರು ಕೆಂಡವಾದರು. ಆದರೆ ಮಸಿಗಿಂತ ಅವರಿಗೆ ಟ್ರಾಕ್ಟರಿನ ಮೇಲೆ ಸಿಟ್ಟು. ಕಚೇರಿಗೆ ಮುತ್ತಿಗೆ ಹಾಕಿದರು ಎಂದು ಬರೆದು, ಆ ಊರಿನವರ ಭೇಟಿಯನ್ನೇ ನಿಲ್ಲಿಸಿಬಿಟ್ಟರು. ನನಗೆ ಹೇಳಿದ್ದು ಇಷ್ಟು: "ಇನ್ಮೇಲೆ ಮಸಿ ಬಳಿಯೋದು ಬೇಡ. ಬೇಡದ್ದು ಬರೆದಿದ್ರೆ ಹೊಸ ಕಾರ್ಡಿನಲ್ಲಿ ಚೆನ್ನಾಗಿ ಬರೆಸಿ. ಬರೆಯಲ್ಲ ಅಂದ್ರೆ ಕಳಿಸ್ಬೇಡಿ." ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತಾರಲ್ಲ, ಹಾಗಾಯಿತು. ಅಲ್ಲ, ಅದಕ್ಕಿಂತ ಕೆಟ್ಟದ್ದಾಯಿತು. ಹೊಡೆದ ಮಸಿಯಾದರೂ ಇಲ್ಲೇನೋ ಇತ್ತು ಎಂದು ಹೇಳುತ್ತಿತ್ತು. ಇನ್ನು ಅದೂ ಇಲ್ಲ.

ನೀರಿನ ಮಾತು ಬಿಟ್ಟು ಹೊಸ ಕಾರ್ಡು ಬರೆಯಲು ನಿಂಗ ಒಪ್ಪಲಿಲ್ಲ. ಕಂಬಿಯ ಆಚೆ ನಿಂತು ನನ್ನನ್ನು ಕೇಳಿದ: "ಅಕ್ಕಾ, ನಾನ್ ಒಡ್ದಿದ್ದು ತೆಪ್ಪು. ಅದ್ಕೆ ಕೋಲ್ಟು ಐತೆ, ಸಿಕ್ಸೆ ಕೊಡ್ಲಿ, ಬ್ಯಾಡ ಅನ್ನಕಿಲ್ಲ. ನಮ್ಮವ್ವುಂಗೆ ನೀರ್ ಸರಿ ಇಲ್ಲ ಅಂದ್ರೆ ಅದ್ಯಾವ್ ಕೇಸು? ಕೈಗ್ ಬೇಡಿ ಆಕುದ್ರಿ, ನಾಲ್ಗೆಗೂ ಆಕ್ಬುಡ್ತೀರಾ?"

"ರೂಲ್ಸು ಕಣಪ್ಪಾ" ಅಂದೆ.

"ರೂಲ್ಸು ಬರ್ದೋರು ಒಂದ್ಸಲ ಒಳಿಕ್ ಬಂದು ಆ ನೀರ್ ಕುಡೀಲಿ ಬುಡಿ" ಎಂದು ಬೆನ್ನು ತಿರುಗಿಸಿದ.

ಎರಡು ವಾರ ಅವನು ಒಂದು ಅಕ್ಷರ ಬರೆಯಲಿಲ್ಲ. ಕೆಂಪಮ್ಮನ ಕಾರ್ಡು ಬಂತು: 'ಹದಿನೈದು ದಿನದಿಂದ ನಿನ್ನ ಕಾಗದ ಇಲ್ಲ. ನಿಜ ಹೇಳಿ, ನನ್ನ ಮಗ ಇದ್ದಾನೋ ಇಲ್ಲವೋ. ನಾನು ಅನ್ನ ಬಿಟ್ಟಿದ್ದೇನೆ.' ಅದನ್ನು ಅವನಿಗೆ ಕೊಟ್ಟೆ. ಓದಿ, ತುಂಬ ಹೊತ್ತು ಹೊಂಗೆ ಮರದ ಬುಡದಲ್ಲಿ ಕೂತಿದ್ದು, ಎದ್ದು ಬಂದ. "ಕೊಡಿ ಅಕ್ಕಾ ಕಾರ್ಡು. ಏನ್ ಬರೀಬೇಕು ನೀವೇ ಯೋಳಿ" ಅಂದ. ನಾನು ಹೇಳಿದೆ, ಅವನು ಬರೆದ. 'ನಾನು ಇಲ್ಲಿ ಕ್ಷೇಮ. ನಿಮ್ಮ ಕ್ಷೇಮಕ್ಕೆ ಕಾಗದ ಬರೆಯುವುದು.' ಆಮೇಲೆ ಕರುವಿನ ವಿಚಾರ, ಹುರುಳಿಯ ವಿಚಾರ. ನಾನು ಗೆದ್ದೆ ಅಂದುಕೊಂಡೆ. ಅವನ ಮುಖದಲ್ಲಿ ಆವತ್ತು ಆರಿಹೋದದ್ದು ಮತ್ತೆ ಬಹಳ ದಿನ ಹೊತ್ತಿಕೊಳ್ಳಲಿಲ್ಲ.

ಕೆಂಪಮ್ಮನ ಉತ್ತರ ಬಂತು. 'ಕಾರ್ಡು ಸಿಕ್ಕಿತು. ಮಸಿ ಇರಲಿಲ್ಲ. ಮೂಲೆಗೆ ಅರಿಶಿನ ಹಚ್ಚಿ ದೇವರ ಹತ್ತಿರ ಇಟ್ಟಿದ್ದೇನೆ. ಇನ್ನು ಮೇಲೆ ಹೀಗೇ ಬರೆ.'

ಹಾಗೇ ಬರೆದ, ವಾರಕ್ಕೊಂದು. ಭಾದ್ರಪದ ಕಳೆಯಿತು. ಮಳೆ ಬಿಡಲಿಲ್ಲ, ಕೋಣೆಯ ಗೋಡೆ ಒಸರುತ್ತಿತ್ತು. ನಿಂಗನಿಗೆ ಕೆಮ್ಮು ಹಿಡಿಯಿತು, ಆಮೇಲೆ ಸಂಜೆ ಸಂಜೆ ಜ್ವರ. ವಾರಕ್ಕೊಮ್ಮೆ ಬರುವ ಡಾಕ್ಟರು ಎಲ್ಲರಿಗೂ ಕೊಡುವ ಬಿಳಿ ಮಾತ್ರೆಯನ್ನೇ ಇವನಿಗೂ ಕೊಟ್ಟು ಹೋದರು. ಕೋರ್ಟಿನಲ್ಲಾದರೂ ಹೇಳಿಕೊಳ್ಳೋಣವೆಂದರೆ, ಜತೆಗೆ ಕಳಿಸಲು ಪೊಲೀಸರಿಲ್ಲ ಎಂದು ಅವನ ಬದಲು ಅವನ ವಾರಂಟಿನ ಕಾಗದ ಮಾತ್ರ ಕೋರ್ಟಿಗೆ ಹೋಗಿ ವಾಯಿದೆ ಹಾಕಿಸಿಕೊಂಡು ಬರುತ್ತಿತ್ತು. ಬಾಯಿಯಿದ್ದವನು ಇಲ್ಲೇ, ಬಾಯಿಯಿಲ್ಲದ ಕಾಗದ ಅಲ್ಲಿ.

ಒಂದು ಮಧ್ಯಾಹ್ನ ಪುಟ್ಟಸ್ವಾಮಿ ಬಂದು, ಟೇಬಲ್ಲಿನ ಮೇಲೆ ಒಂದು ಕಾರ್ಡಿಟ್ಟ. "ನಿಂಗುಂದು ಕಣವ್ವ. ಈ ಸಲ ಅವ್ರವ್ವುಂಗಲ್ಲ, ಕ್ಯಾರ್‌ಪೇಟೆ ಮಾವುಂಗೆ. ಒಸಿ ನೋಡಿ ಕಳ್ಸ್‌ಬುಡು. ಮೈ ಸುಡ್ತಾ ಐತೆ ಅವ್ನಿಗೆ." ಬಾಯಿ ಇರುವುದು ಉಣ್ಣಲು ಅನ್ನುತ್ತಿದ್ದವನೇ ಈ ಮಾತು ಆಡಿದ್ದು.

'ಮಾವಾ, ನನಗೆ ಇಪ್ಪತ್ತು ದಿನದಿಂದ ಜ್ವರ. ಕೆಮ್ಮಿದರೆ ರಕ್ತ ಬೀಳುತ್ತಿದೆ. ಆಸ್ಪತ್ರೆಗೆ ಕರೆದುಕೊಂಡು ಹೋಗುವವರಿಲ್ಲ. ನನಗೆ ಬುದ್ಧಿ ಬಂದಿದೆ. ಜಾಮೀನಿಗೆ ನಿಂತು ಬಿಡಿಸಿಕೊ. ಅವ್ವನಿಗೆ ಹೇಳಬೇಡ, ಹೆದರುತ್ತಾಳೆ.'

ಕಾರ್ಡನ್ನು ಸಾಹೇಬರ ಮುಂದಿಟ್ಟೆ. ಓದಿ, ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಜ್ವರ ಯಾರಿಗ್ ಬರಲ್ಲ? ಇದನ್ನ ಕಳಿಸ್ತೀರಿ, ನಾಳೆ ಮತ್ತೆ ಟ್ರಾಕ್ಟರ್ ಬರುತ್ತೆ, ಪೇಪರಿನವರು ಬರ್ತಾರೆ. ನಿಮ್ಮ ಪ್ರೊಬೇಷನ್ ಇನ್ನೂ ಮುಗಿದಿಲ್ಲ ಅಲ್ವಾ ಲಲಿತಮ್ಮಾ? ಡಾಕ್ಟರು ನೋಡ್ಕೋತಾರೆ. ತಾಯಿಗೆ ಎಂದಿನ ಹಾಗೆ ಒಂದು ಕಾರ್ಡು ಹಾಕ್ಸಿ."

ನಾನು ಆ ಕಾರ್ಡನ್ನು ಹರಿಯಲಿಲ್ಲ. ವ್ಯಾನಿಟಿ ಬ್ಯಾಗಿನೊಳಗೆ ಇಟ್ಟುಕೊಂಡೆ. ಸಂಜೆ ಬಸ್‌ಸ್ಟ್ಯಾಂಡಿನ ಗೋಡೆಗೆ ತಗುಲಿಸಿದ್ದ ಕೆಂಪು ಪೋಸ್ಟ್ ಡಬ್ಬದ ಮುಂದೆ ನಿಂತೆ. ಹಾಕಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲವೇನೋ. ಎರಡು ದಿನಕ್ಕೆ ಕೆ.ಆರ್.ಪೇಟೆ ಸೇರುತ್ತಿತ್ತು. ಎಷ್ಟೇ ಮುನಿಸಿದ್ದರೂ ಮಾವ ಮಾವನೇ. ಬರುತ್ತಿದ್ದ, ಬಿಡಿಸಿಕೊಳ್ಳುತ್ತಿದ್ದ. ಕೈ ಡಬ್ಬದ ಬಾಯಿಯವರೆಗೆ ಹೋಯಿತು. ಅಮ್ಮನ ಮುಖ ಕಣ್ಣಿಗೆ ಬಂತು, ತಂಗಿಯ ಕಾಲೇಜು ಕಣ್ಣಿಗೆ ಬಂತು. ಅಷ್ಟರಲ್ಲಿ ಪಾಂಡವಪುರದ ಬಸ್ಸೂ ಬಂತು. ಹತ್ತಿಬಿಟ್ಟೆ. ಇದಕ್ಕೆ ನಾನು ಬೇರೆ ಹೆಸರು ಹುಡುಕುವುದಿಲ್ಲ, ಹೇಡಿತನ.

ಮಾರನೇ ದಿನ ತಾಯಿಗೆ ಕಾರ್ಡು ಬರೆಸಲು ಹೋದೆ. ನಿಂಗನಿಗೆ ಪೆನ್ನು ಹಿಡಿಯಲು ಆಗಲಿಲ್ಲ. ಗೋಡೆಗೆ ಒರಗಿ ಕೂತಿದ್ದವನು, "ಮಾವನ್ ಕಾಗ್ದ ಓಯ್ತಾ ಅಕ್ಕಾ?" ಎಂದು ಕೇಳಿದ.

"ಹೋಯ್ತು" ಅಂದೆ.

ಅವನ ಮುಖ ಅಷ್ಟಗಲವಾಯಿತು. "ಹಂಗಾರೆ ಸರಿ. ಬಂದೇ ಬತ್ತಾನೆ ನಮ್ಮಾವ. ಅವ್ವುಂಗೆ ನೀವೇ ಬರ್ದ್‌ಬುಡಿ, ಕ್ಷೇಮ ಅಂತ." ನಾನು ಬರೆದೆ. ನನ್ನ ಅಕ್ಷರದಲ್ಲಿ. 'ನಾನು ಇಲ್ಲಿ ಕ್ಷೇಮ.' ಕೆಳಗೆ ಅವನು ಕಷ್ಟಪಟ್ಟು ಹೆಸರು ಬರೆದ. ಮೂಲೆಗಳು ಹಾಲಿನಂತೆ ಬೆಳ್ಳಗಿದ್ದವು.

ಆರನೇ ದಿನ ದೊಡ್ಡಾಸ್ಪತ್ರೆಗೆ ಒಯ್ಯುವಾಗ ಜೀಪಿನಲ್ಲೇ ಹೋಗಿಬಿಟ್ಟ. ಜತೆಗೆ ಪುಟ್ಟಸ್ವಾಮಿ ಇದ್ದ. ಕೊನೆಯವರೆಗೂ, "ಮಾವ ಬಂದ್ನಾ?" ಎಂದು ಕೇಳುತ್ತಿದ್ದನಂತೆ.

ಪೊಲೀಸಿನವನು ಊರಿಗೆ ಹೋಗಿ ಸುದ್ದಿ ಹೇಳಿದರೆ ಕೆಂಪಮ್ಮ ನಂಬಲಿಲ್ಲವಂತೆ. "ಓಗಯ್ಯಾ, ಓದ್ಸಲಾನೂ ಇಂಗೇ ಆಗಿತ್ತು" ಎಂದು ಎಮ್ಮೆಗೆ ಹುಲ್ಲು ಹಾಕುತ್ತಲೇ ಇದ್ದಳಂತೆ. ಈ ಸಲ ಟ್ರಾಕ್ಟರು ಬರಲಿಲ್ಲ. ಇಬ್ಬರು ಹೆಂಗಸರು, ನಾಲ್ಕು ಗಂಡಸರು ಬಸ್ಸಿನಲ್ಲಿ ಬಂದರು. ಹೆಣ ನೋಡಿದ ಮೇಲೆ ಅವಳು ಕೂಗಲಿಲ್ಲ. ಅವಳ ಅಳುವೆಲ್ಲ ಆ ಆಷಾಢದಲ್ಲೇ ಮುಗಿದುಹೋಗಿತ್ತೋ ಏನೋ.

ಹೇಳಿಕೆ ಬರೆದುಕೊಳ್ಳಲು ಮೇಲಿನಿಂದ ಒಬ್ಬ ಅಧಿಕಾರಿ ಬಂದಿದ್ದರು. "ಕಾಯಿಲೆ ಇದೆ ಅಂತ ನಿನ್ನ ಮಗ ಯಾವತ್ತಾದರೂ ಬರೆದಿದ್ದನಾ?" ಕೆಂಪಮ್ಮ ಎಲೆಯಡಿಕೆ ಚೀಲದಿಂದ ಕೊನೆಯ ಕಾರ್ಡನ್ನು ತೆಗೆದುಕೊಟ್ಟಳು. ನಾಲ್ಕು ಮೂಲೆಗೂ ಅರಿಶಿನ. ಅವರು ಗಟ್ಟಿಯಾಗಿ ಓದಿದರು, "ನಾನು ಇಲ್ಲಿ ಕ್ಷೇಮ." ಅವಳು ತಲೆಯಾಡಿಸಿದಳು. "ಊಂ ಸಾಮಿ. ಅಂಗೇ ಬರ್ದವ್ನೆ." ಅವರು ಅದನ್ನು ಫೈಲಿಗೆ ಹಾಕಿಕೊಂಡು ನನ್ನ ಕಡೆ ತಿರುಗಿದರು. "ಬೇರೆ ಏನಾದ್ರೂ ಬರೆದಿದ್ನೇನಮ್ಮಾ?" ಸಾಹೇಬರು ಕಿಟಕಿಯಾಚೆ ನೋಡುತ್ತಿದ್ದರು. ಪುಟ್ಟಸ್ವಾಮಿ ನನ್ನನ್ನೇ ನೋಡುತ್ತಿದ್ದ. ಮಡಿಲಲ್ಲಿದ್ದ ಬ್ಯಾಗಿನೊಳಗೆ ಆ ಇನ್ನೊಂದು ಕಾರ್ಡು ಇತ್ತು.

"ಇಲ್ಲ ಸರ್" ಅಂದೆ.

ಕೈದಿಗೆ ಮಾತಿನ ಹಕ್ಕು ಬೇಕೋ ಬೇಡವೋ ಎಂದು ಈಗ ಟೀವಿಯಲ್ಲಿ ಕೂತು ವಾದ ಮಾಡುತ್ತಾರೆ. ನನಗೆ ಕಾನೂನು ಗೊತ್ತಿಲ್ಲ. ಅವನ ಬಾಯಿ ಮುಚ್ಚಿಸಿದವರೇ ಆಮೇಲೆ, ಅವನೇನೂ ಹೇಳಲೇ ಇಲ್ಲವಲ್ಲ ಎಂದು ಬರೆದುಕೊಂಡದ್ದನ್ನು ಕಂಡಿದ್ದೇನೆ. ಆ ಬರಹಕ್ಕೆ ಸಾಕ್ಷಿಯ ರುಜು ನನ್ನದೇ.

ಎಲ್ಲ ಮುಗಿದು ಹೆಣ ಕೊಡುವವರೆಗೆ ಕೆಂಪಮ್ಮ ನನ್ನ ಟೇಬಲ್ಲಿನ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದಳು. "ಮಸಿ ಇರ್ಲಿಲ್ವಲ್ಲವ್ವಾ" ಅಂದಳು. "ಮಸಿ ಇದ್ದಿದ್ರೆ ಓಡ್ ಬಂದ್ಬುಡ್ತಿದ್ದೆ. ಇರ್ಲಿಲ್ವಲ್ಲಾ, ಅದ್ಕೇ ಸುಮ್ಕಿದ್ಬುಟ್ಟೆ." ಸೆರಗಿನಿಂದ ಮೂಗು ಒರೆಸಿಕೊಂಡು ಮತ್ತೆ ಹೇಳಿದಳು: "ನಿಂಗೆ ಬರಿಯಾಕ್ ಬತ್ತದಲ್ಲವ್ವಾ. ನನ್ ತಮ್ಮುಂಗೊಂದ್ ಕಾಗ್ದ ಆಕ್ಬುಡು. ಅವ್ನ್ ಮಕ ನಾನ್ ನೋಡಕಿಲ್ಲ, ಆಳ್ ಕಳ್ಸಿ ಕರ್ಸಾಕೂ ಇಲ್ಲ. ಆದ್ರೂ ಸೋದರಮಾವ, ತಿಳೀಲಿ."

ಕೆ.ಆರ್.ಪೇಟೆಯ ವಿಳಾಸವನ್ನು ಅವಳು ಹೇಳಬೇಕಾಗಿರಲಿಲ್ಲ. ನನಗೆ ಬಾಯಿಪಾಠವಾಗಿತ್ತು. ಹೊಸ ಕಾರ್ಡು ತೆಗೆದು ಬರೆದೆ: ನಿಂಗ ತೀರಿಕೊಂಡ. ಡ್ರಾಯರಿನ ಮೂಲೆಯಲ್ಲಿದ್ದ ನಕ್ಷೆ ಮಸಿಯ ಬಾಟಲಿ ತೆಗೆದೆ. ಕುಂಚ ಒಣಗಿ ಸೆಟೆದಿತ್ತು. ತೋರುಬೆರಳನ್ನೇ ಅದ್ದಿ ಕಾರ್ಡಿನ ಮೂಲೆಗೆ ಹಚ್ಚಿದೆ. ಸಂಜೆ ಬಸ್‌ಸ್ಟ್ಯಾಂಡಿನ ಕೆಂಪು ಡಬ್ಬಕ್ಕೆ ಅದನ್ನು ಹಾಕಿದೆ. ಆ ಜೈಲಿನಿಂದ ಅವನ ಮಾವನಿಗೆ ಹೋದ ಕಾಗದ ಅದೊಂದೇ. ಅದನ್ನು ಯಾರೂ ಓದಿ ನೋಡಲಿಲ್ಲ, ಯಾರೂ ತಡೆಯಲಿಲ್ಲ. ಎರಡೇ ದಿನಕ್ಕೆ ಸೇರಿತಂತೆ.